ಬೇಡವಾದವಳನ್ನು ಬಿಟ್ಟುಕೊಡದ ಕ್ರೀಡಾಧಿಕಾರಿಗಳಿಗೆ

ಮಾನ್ಯ ಕ್ರೀಡಾಧಿಕಾರಿಗಳೇ,

ಹನ್ನೊಂದು ದಿನಗಳ ಅಂತರದಲ್ಲಿ ತಾವು ನನಗೆ ಎರಡು ಪತ್ರ ಕಳಿಸಿದ್ದೀರಿ. ಮೂರನೇ ತಾರೀಖಿನ ಪತ್ರದ ಪ್ರಕಾರ ನನಗೆ ಮೂವತ್ತೆಂಟು ತುಂಬಿದೆ, ‘ವೈಯಕ್ತಿಕ ಸಾಧನೆ ಏನೂ ಇಲ್ಲ’, ಆದ್ದರಿಂದ ಇಲಾಖೆಯ ಮಹಿಳಾ ಸೈಕ್ಲಿಂಗ್ ತಂಡದಿಂದ ನನ್ನನ್ನು ಕೈಬಿಡಲಾಗಿದೆ, ನೌಕರಿ ಮಾತ್ರ ಉಳಿದಿದೆ. ಹದಿನಾಲ್ಕನೇ ತಾರೀಖಿನ ಪತ್ರದ ಪ್ರಕಾರ, ಬೇರೊಂದು ತಂಡದ ಪರವಾಗಿ ಸ್ಪರ್ಧಿಸಲು ನಾನು ಕೇಳಿದ್ದ ನಿರಾಕ್ಷೇಪಣಾ ಪತ್ರವನ್ನು (ಎನ್‌ಒಸಿ) ‘ಇಲಾಖಾ ತಂಡದ ಹಿತದೃಷ್ಟಿಯಿಂದ’ ಕೊಡಲು ಬರುವುದಿಲ್ಲ. ಎರಡಕ್ಕೂ ಒಂದೇ ಸಹಿ, ಒಂದೇ ಮೊಹರು. ಅಂದರೆ ನಾನು ತಮ್ಮ ತಂಡಕ್ಕೆ ಬೇಡ, ಇನ್ನೊಬ್ಬರ ತಂಡಕ್ಕೂ ಹೋಗಕೂಡದು. ಸ್ವಾಮಿ, ಇದು ಕ್ರೀಡಾ ಆಡಳಿತವೋ, ತಾನೂ ಉಡದೆ ತಂಗಿಗೂ ಕೊಡದೆ ಸೀರೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುವವರ ಬುದ್ಧಿಯೋ? ಎರಡು ಪತ್ರವನ್ನೂ ಅಕ್ಕಪಕ್ಕ ಇಟ್ಟುಕೊಂಡು ನಾಲ್ಕು ಸಲ ಓದಿದೆ, ನನಗೆ ತಿಳಿಯಲಿಲ್ಲ.

ಬರುವ ಭಾನುವಾರ ನಂಜನಗೂಡು ರಸ್ತೆಯಲ್ಲಿ ರಾಜ್ಯಮಟ್ಟದ ರೋಡ್ ರೇಸ್ ಇದೆ. ಹೆಸರು ಕೊಡಲು ಶುಕ್ರವಾರ ಸಂಜೆ ಐದು ಗಂಟೆ ಕೊನೆ. ತಂಡವೆಂದರೆ ನಾಲ್ಕು ಜನ ಇರಲೇಬೇಕು ಎಂಬುದು ನಿಯಮ. ನಾನು ಸೇರಬೇಕೆಂದಿರುವ ತಂಡದಲ್ಲಿ ಇರುವವರು ಮೂವರು. ತಮ್ಮ ಒಂದು ಸಹಿ ಬರದಿದ್ದರೆ ನಾನೊಬ್ಬಳೇ ಹೊರಗುಳಿಯುವುದಿಲ್ಲ, ವರ್ಷವಿಡೀ ಬೆವರು ಸುರಿಸಿದ ಆ ಮೂವರೂ ರಸ್ತೆ ಬದಿಯಲ್ಲಿ ನಿಂತು ಬೇರೆಯವರಿಗೆ ಚಪ್ಪಾಳೆ ತಟ್ಟಬೇಕಾಗುತ್ತದೆ. ಇದನ್ನು ಖಾಸಗಿಯಾಗಿ ಎರಡು ಸಲ ಬರೆದು ತಿಳಿಸಿದೆ. ಉತ್ತರವಿಲ್ಲ. ಹಾಗಾಗಿ ಈಗ ಊರಿಗೆಲ್ಲ ಕೇಳಿಸುವಂತೆ ಬರೆಯುತ್ತಿದ್ದೇನೆ. ತಮ್ಮ ಹೆಸರನ್ನಾಗಲಿ ಇಲಾಖೆಯ ಹೆಸರನ್ನಾಗಲಿ ಹಾಕಿಲ್ಲ, ಯಾರಿಗೆ ಬರೆದದ್ದೆಂದು ತಮಗೆ ತಿಳಿದರೆ ಸಾಕು.

ಮೊದಲು ಆ ‘ವೈಯಕ್ತಿಕ ಸಾಧನೆ’ಯ ಮಾತಿಗೆ ಬರೋಣ. ಸೈಕಲ್ ರೇಸಿನ ಗಂಧಗಾಳಿ ಇಲ್ಲದ ಯಾರೋ ಗುಮಾಸ್ತರು ಬರೆದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಬರೆದವರು ತಾವು! ರೋಡ್ ರೇಸಿನಲ್ಲಿ ಒಬ್ಬಳು ಗೆಲ್ಲಬೇಕಾದರೆ ಅವಳ ತಂಡದ ಉಳಿದವರು ನೂರು ಕಿಲೋಮೀಟರ್ ಅವಳ ಮುಂದಿದ್ದು ಗಾಳಿ ಸೀಳಬೇಕು ಎಂಬುದು ತಮಗೆ ತಿಳಿಯದ ಸಂಗತಿಯೇ? ಹಿಂದೆ ಅಂಟಿಕೊಂಡು ಬರುವವಳಿಗೆ ಶ್ರಮ ಕಡಿಮೆ. ಕೊನೆಯ ಮುನ್ನೂರು ಮೀಟರಿನಲ್ಲಿ ಆಕೆ ಉಳಿಸಿಕೊಂಡ ಶಕ್ತಿಯಲ್ಲಿ ನುಗ್ಗಿ ಗೆಲ್ಲುತ್ತಾಳೆ, ಎಳೆದವರು ಏದುಸಿರು ಬಿಡುತ್ತಾ ಇಪ್ಪತ್ತನೆಯವರೋ ಮೂವತ್ತನೆಯವರೋ ಆಗಿ ಬರುತ್ತಾರೆ. ಹದಿನೇಳು ವರ್ಷ ತಮ್ಮ ತಂಡದಲ್ಲಿ ನನ್ನ ಕೆಲಸ ಹಾಗೆ ಎಳೆಯುವುದು. ಹಿಂದೆ ಬರುವ ತಂಡದ ಕಾರಿನಿಂದ ಎಲ್ಲರಿಗೂ ನೀರಿನ ಬಾಟಲಿ ಹೊತ್ತು ತರುವುದು. ಎದುರು ತಂಡದವಳು ತಪ್ಪಿಸಿಕೊಂಡು ಮುಂದೆ ಹೋದರೆ ಅಟ್ಟಿಸಿಕೊಂಡು ಹೋಗುವುದು. ನನ್ನ ಕೆಲಸವೇ ಗೆಲ್ಲದಿರುವುದಾಗಿತ್ತು. ಆ ಕೆಲಸಕ್ಕೆ ನನ್ನನ್ನು ಹಚ್ಚಿದವರು ತಾವು, ಈಗ ಯಾಕಮ್ಮ ಗೆದ್ದಿಲ್ಲ ಎಂದು ಕೇಳುತ್ತಿರುವವರೂ ತಾವು.

ನಮ್ಮಮ್ಮ ಚೂಡಾಮಣಿ ಓದಿದ್ದು ಏಳನೇ ಕ್ಲಾಸು. ಚಾಮರಾಜಪುರಂನ ನಮ್ಮ ಮನೆಯಲ್ಲಿ ಒಂದು ದಿನ ನನ್ನ ಮೊಣಕೈ ಗಾಯಕ್ಕೆ ಅರಿಶಿನ ಹಚ್ಚುತ್ತಾ ಕೇಳಿದಳು: “ಎಲ್ಲಾರ ಮಕ್ಳೂ ಕಪ್ಪು ತರ್ತಾವೆ. ನೀನ್ಯಾಕೆ ಬರೀ ಗಾಯ ತರ್ತೀಯ?” ನನ್ನ ಕೆಲಸ ಏನೆಂದು ವಿವರಿಸಿದೆ. “ಹಂಗನ್ನು. ಮದ್ವೆ ಮನೇಲಿ ಬಡ್ಸೋರ ಥರ. ಎಲ್ರದ್ದೂ ಊಟ ಆದ್ಮೇಲೆ ಕೊನೇ ಪಂಕ್ತಿ ನಿಮ್ದು” ಅಂದಳು. ಅವಳಿಗೆ ಐದು ನಿಮಿಷದಲ್ಲಿ ಅರ್ಥವಾದದ್ದು, ಗೋಡೆಯ ತುಂಬ ಟ್ರೋಫಿ ಜೋಡಿಸಿಕೊಂಡು ಕೂತ ತಮಗೆ ಇಷ್ಟು ವರ್ಷವಾದರೂ ಅರ್ಥವಾಗಿಲ್ಲ ಎಂದು ನಾನು ನಂಬಬೇಕೆ?

ಅರ್ಥವಾಗಿಲ್ಲ ಎನ್ನುವಂತೆಯೂ ಇಲ್ಲ. ಒಂಬತ್ತು ವರ್ಷದ ಹಿಂದೆ ಹೊರರಾಜ್ಯದ ಹೆದ್ದಾರಿಯೊಂದರಲ್ಲಿ ನಡೆದ ರಾಷ್ಟ್ರೀಯ ರೇಸಿನಲ್ಲಿ ತಾವೇ ನಮ್ಮ ತಂಡದ ಮ್ಯಾನೇಜರ್ ಆಗಿದ್ದಿರಿ. ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ತಾವು ಕೊಟ್ಟ ಆದೇಶ ಇದು: ನಾಯಕಿಯ ಚಕ್ರ ಪಂಕ್ಚರ್ ಆದರೆ ಕಾರಿಗೆ ಕಾಯಬಾರದು, ಹತ್ತಿರ ಇರುವವಳು ತನ್ನ ಚಕ್ರ ಬಿಚ್ಚಿ ಕೊಡಬೇಕು. ಗುರಿಗೆ ಹನ್ನೆರಡು ಕಿಲೋಮೀಟರ್ ಇದ್ದಾಗ ನಾಯಕಿಯ ಹಿಂದಿನ ಚಕ್ರ ಹೋಯಿತು. ಹತ್ತಿರ ಇದ್ದವಳು ನಾನು. ಆ ದಿನ ನನ್ನ ಕಾಲು ಹಿಂದೆಂದೂ ಇಲ್ಲದಷ್ಟು ಚೆನ್ನಾಗಿತ್ತು, ಮುಂದಿನ ಗುಂಪಿನಲ್ಲಿ ಉಳಿದಿದ್ದವರು ಏಳೇ ಜನ, ಅವರಲ್ಲಿ ನಾನೂ ಒಬ್ಬಳು. ಆದರೂ ಇಳಿದೆ. ನನ್ನ ಚಕ್ರ ಬಿಚ್ಚಿ ಅವಳ ಸೈಕಲ್ಲಿಗೆ ಹಾಕಿ ಬೆನ್ನು ಹಿಡಿದು ತಳ್ಳಿದೆ. ಆಮೇಲೆ ಒಂದು ಚಕ್ರವಿಲ್ಲದ ಸೈಕಲ್ ಹಿಡಿದುಕೊಂಡು ನಡುಮಧ್ಯಾಹ್ನದ ಬಿಸಿಲಲ್ಲಿ ನಿಂತೆ. ನಾಲ್ಕು ನಿಮಿಷ ಬಿಟ್ಟು ತಮ್ಮ ಕಾರು ಬಂತು. ಕಿಟಕಿಯಿಂದ ತಲೆ ಹೊರಹಾಕಿ ತಾವು ಕೇಳಿದ ಮೊದಲ ಮಾತು ನೆನಪಿದೆಯೇ? “ಅವಳು ಹೋದ್ಲಾ?”

ಹೋದಳು, ಚಿನ್ನ ಗೆದ್ದಳು. ನನಗೆ ಆಕೆಯ ಮೇಲೆ ಸಿಟ್ಟಿಲ್ಲ, ಗೆಲ್ಲುವುದು ಆಕೆಯ ಕೆಲಸವಾಗಿತ್ತು. ಆ ಚಿನ್ನದ ಬಲದಿಂದ ತಮಗೆ ಬಡ್ತಿ ಬಂತು, ಈಗಿನ ಕುರ್ಚಿ ಸಿಕ್ಕಿತು. ಕಾರಿನಲ್ಲಿದ್ದ ಬೇರೆ ಚಕ್ರ ಹಾಕಿಕೊಂಡು ನಾನು ಬಂದದ್ದು ಮೂವತ್ತೊಂದನೆಯವಳಾಗಿ. ಆ ಸಂಜೆ ತಾವೇ ನನ್ನ ಬಾಯಿಗೆ ಪೇಡ ಇಟ್ಟು, “ಇದು ನಿನ್ ಮೆಡಲ್ಲೂ ಹೌದು ಕಣಮ್ಮ” ಅಂದಿರಿ. ಅದನ್ನು ನಂಬಿ ಇನ್ನೂ ಒಂಬತ್ತು ವರ್ಷ ತುಳಿದೆ. ಈಗ ತಮ್ಮ ಪತ್ರಕ್ಕೆ ಲಗತ್ತಿಸಿರುವ ಫಲಿತಾಂಶ ಪಟ್ಟಿಯಲ್ಲಿ ಆ ರೇಸಿನ ಮುಂದಿರುವ ‘31’ರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೀರಿ. ಹೇಗೆ ಕೈ ಬಂತು ಸ್ವಾಮಿ ಆ ಗೆರೆ ಎಳೆಯಲು?

ಹದಿನಾರನೇ ತಾರೀಖು ತಮ್ಮನ್ನು ಕಾಣಲು ಕಚೇರಿಗೇ ಬಂದೆ. ಮುಕ್ಕಾಲು ಗಂಟೆ ಹೊರಗೆ ಕೂರಿಸಿ ಒಳಗೆ ಕರೆದು, “ಬನ್ನಿ ಸರ್ವಮಂಗಳಾ, ಕಾಫಿ ತಗೋತೀರಾ?” ಅಂದಿರಿ. ಕಾಫಿ ಬೇಡ ಸಾರ್, ಸಹಿ ಬೇಕು ಅಂದೆ. ಯಾವ ತಂಡ ಎಂದು ಕೇಳಿದಿರಿ. ಮಂಡಿ ಮೊಹಲ್ಲಾದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ಗೋವಿಂದರಾಜು ಅವರು ಕಟ್ಟಿರುವ ತಂಡ ಎಂದೆ. ತಾವು ನಕ್ಕಿರಿ.

“ನೋಡಮ್ಮ, ಹದಿನೇಳು ವರ್ಷ ಇಲಾಖೆ ಜೆರ್ಸಿ ಹಾಕ್ಕೊಂಡೋರು ನೀವು. ಈಗ ಪಂಕ್ಚರ್ ಅಂಗಡಿ ಬನೀನು ಹಾಕ್ಕೊಂಡು ರೋಡಿಗಿಳಿದ್ರೆ ನಮ್ ಮರ್ಯಾದೆ ಏನಾಗ್ಬೇಕು ಹೇಳಿ? ಅದರ ಮೇಲೆ ನಮ್ ಹುಡ್ಗೀರೂ ಅದೇ ರೇಸಲ್ಲಿರ್ತಾರೆ. ನೀವು ಸುಮ್ನೆ ರೆಸ್ಟ್ ತಗೊಳ್ಳಿ. ಜೋರಾಗಿ ಒಂದು ಬೀಳ್ಕೊಡುಗೆ ಮಾಡೋಣ. ಶಾಲು, ಹಾರ, ಮೈಸೂರು ಪೇಟ, ಎಲ್ಲಾ!”

ಅಬ್ಬಾ, ತಮ್ಮ ಔದಾರ್ಯವೇ! ತಲೆಗೊಂದು ಪೇಟ ಇಟ್ಟುಬಿಟ್ಟರೆ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ ಎಂಬ ಲೆಕ್ಕಾಚಾರವೋ? ಕಳೆದ ವರ್ಷ ಪುರುಷರ ತಂಡದಿಂದ ಹರೀಶ್ ಅವರನ್ನು ಕೈಬಿಟ್ಟಿರಿ. ಅವರು ದೊಡ್ಡ ಕಂಪನಿಯೊಂದರ ತಂಡ ಸೇರುತ್ತೇನೆಂದಾಗ ಎರಡೇ ದಿನದಲ್ಲಿ ಎನ್‌ಒಸಿ ಕೊಟ್ಟಿರಿ, ಕೈ ಕುಲುಕಿ ಫೋಟೊ ತೆಗೆಸಿಕೊಂಡಿರಿ. ಅದೂ ಇದೇ ರೇಸಿಗೆ, ಅಲ್ಲೂ ತಮ್ಮ ಹುಡುಗರಿದ್ದರು. ಹರೀಶ್ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. “ನಂಗ್ ಕೊಟ್ರಲ್ಲಕ್ಕ, ನಿಮಗ್ಯಾಕೆ ಆಟ ಆಡಿಸ್ತಾವ್ರೆ?” ಎಂದು ಅವರೇ ಫೋನ್ ಮಾಡಿ ಕೇಳಿದರು. ಗಂಡಸು ಕಂಪನಿಗೆ ಹೋದರೆ ಇಲಾಖೆಯ ಮರ್ಯಾದೆ ಹೆಚ್ಚುತ್ತದೆ, ಹೆಂಗಸು ಮಂಡಿ ಮೊಹಲ್ಲಾಕ್ಕೆ ಹೋದರೆ ಮಣ್ಣುಪಾಲಾಗುತ್ತದೆ. ಯಾವ ನಿಯಮಾವಳಿಯ ಎಷ್ಟನೇ ಪುಟದಲ್ಲಿದೆ ಇದು? ಪಂಕ್ಚರ್ ಅಂಗಡಿಯವರು ಎಂದರೆ ತಮಗೆ ಅಷ್ಟೊಂದು ಅಸಹ್ಯವಾದರೆ, ತಮ್ಮ ತಂಡದ ಸೈಕಲ್ಲುಗಳು ಕೈಕೊಟ್ಟಾಗಲೆಲ್ಲ ಅದೇ ಗೋವಿಂದರಾಜು ಅವರ ಬಾಗಿಲಿಗೆ ಕಳಿಸುತ್ತಿದ್ದುದು ಯಾಕೆ?

ಬೇರೆ ತಂಡ ಸಿಗದೆ ಅಲ್ಲಿಗೆ ಹೋದೆ ಎಂದುಕೊಂಡಿರಾ? ತಾವು ಕೈಬಿಟ್ಟ ಸುದ್ದಿ ತಿಳಿದ ವಾರದಲ್ಲೇ ಬೆಂಗಳೂರಿನ ಅಕಾಡೆಮಿಯೊಂದು ನನ್ನನ್ನು ಕರೆಯಿತು. ಹೊಸ ಸೈಕಲ್, ಮಸಾಜು ಮಾಡುವವರು, ಊಟ ತೂಗಿ ಕೊಡುವವರು, ಎಲ್ಲ ಇತ್ತು. ಕೆಲಸ ಮಾತ್ರ ಹಳೆಯದೇ, ಇಪ್ಪತ್ತು ವರ್ಷದ ಒಬ್ಬಳ ಮುಂದಿದ್ದು ಗಾಳಿ ಸೀಳುವುದು. ನಾನು ಬೇಡವೆಂದೆ.

ಮಂಡಿ ಮೊಹಲ್ಲಾ ತಂಡದ ಮೂವರನ್ನು ನಾನು ಮೊದಲು ಕಂಡದ್ದು ಹೋದ ವರ್ಷ, ಕಡಕೊಳದ ಹತ್ತಿರ. ಬೆಳಗಿನ ಎದುರುಗಾಳಿಯಲ್ಲಿ ಮೂವರೂ ಅಕ್ಕಪಕ್ಕ ಸಾಲಾಗಿ, ಸಂತೆಗೆ ಹೊರಟವರಂತೆ ಮಾತಾಡಿಕೊಂಡು ತುಳಿಯುತ್ತಿದ್ದರು. ಸೌಮ್ಯ ಅಲ್ಲಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು, ಅಕ್ಷತಾ ಮಕ್ಕಳಿಗೆ ಟ್ಯೂಷನ್ ಹೇಳುವವಳು, ನಿಶ್ಚಿತಾ ಇನ್ನೂ ಓದುತ್ತಿರುವವಳು. ನೋಡಲಾಗಲಿಲ್ಲ ನನಗೆ. “ಏ, ಒಬ್ರ ಹಿಂದೆ ಒಬ್ರು ಹೋಗ್ರೇ!” ಎಂದು ಗದರಿದೆ. “ಹಿಂದೆ ಇದ್ರೆ ಸೋತಂಗಲ್ವಾ ಅಕ್ಕ?” ಎಂದಳು ಸೌಮ್ಯ. ನನ್ನ ಚಕ್ರಕ್ಕೆ ಅಂಟಿಕೊಂಡು ಬನ್ನಿ ಎಂದು ಹೇಳಿ ನಂಜನಗೂಡಿನ ತನಕ ಎಳೆದುಕೊಂಡು ಹೋದೆ. ಅಲ್ಲಿ ಇಳಿದು ಸೌಮ್ಯ ಕಣ್ಣರಳಿಸಿ, “ಅಯ್ಯೋ, ಆಮೇಲೆ ಗಾಳೀನೇ ಇರ್ಲಿಲ್ವಲ್ಲಕ್ಕ!” ಅಂದಳು. ಅವತ್ತು ಬಹಳ ದಿನಗಳ ಮೇಲೆ ಮನಸಾರೆ ನಕ್ಕೆ.

ತಮ್ಮ ಮೊದಲ ಪತ್ರ ಬಂದ ಮೇಲೆ ಗೋವಿಂದರಾಜು ನಮ್ಮ ಮನೆಗೆ ಬಂದರು. “ರೂಲ್ನಲ್ಲಿ ನಾಲ್ಕ್ ಜನ ಇರ್ಬೇಕು ಅಂತಾವ್ರೆ ಕಣಮ್ಮ, ನಮ್ಮತ್ರ ಮೂರೇ ಜನ. ನೀವು ಬಂದ್ಬುಟ್ರೆ ಆಯ್ತದೆ. ಕೊಡಕ್ಕೆ ನನ್ನತ್ರ ಏನಿಲ್ಲ, ಸೈಕಲ್ ಮಾತ್ರ ಗಡಿಯಾರ ಇದ್ದಂಗೆ ಇಟ್ಕೊಡ್ತೀನಿ” ಎಂದರು. ಒಪ್ಪಿದೆ. ಮಾರನೇ ದಿನ ಅಂಗಡಿಯಲ್ಲಿ ಕೂತು, ಹದಿನೇಳು ವರ್ಷದ ಅಭ್ಯಾಸಬಲದಿಂದ, ಕೊನೆಯಲ್ಲಿ ಜೋರಾಗಿ ನುಗ್ಗಬಲ್ಲವಳು ಸೌಮ್ಯ, ನಾವು ಮೂವರು ಅವಳನ್ನು ಎಳೆಯೋಣ ಎಂದು ಕೆಲಸ ಹಂಚತೊಡಗಿದೆ. ಸೌಮ್ಯ ನನ್ನ ಮಾತನ್ನು ಅರ್ಧಕ್ಕೇ ತಡೆದಳು.

“ಬ್ಯಾಡ ಅಕ್ಕ. ನಾವು ಮೂರೂ ಜನ ಮಾತಾಡ್ಕೊಂಡ್ಬುಟ್ಟಿದ್ದೀವಿ. ಈ ಸಲ ನೀವು ಹಿಂದೆ ಇರಿ. ಗಾಳಿ ನಾವು ತಗೋತೀವಿ, ಕೊನೇಗೆ ನೀವು ಹೊಡೀರಿ.”

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಒಂದು ಸಲವೂ, ಒಂದು ಚಿಕ್ಕ ರೇಸಿಗೂ. ಎದ್ದು ಟೈರುಗಳ ರಾಶಿಯ ಹಿಂದೆ ಹೋಗಿ ಕಣ್ಣೀರು ಸುರಿಸಿದೆ. ಹೌದು ಸ್ವಾಮಿ, ನನಗೆ ಗೆಲ್ಲಬೇಕು. ತ್ಯಾಗಮಯಿ, ಹಿರಿಯಕ್ಕ, ಮಾರ್ಗದರ್ಶಕಿ ಎಂದೆಲ್ಲ ಕರೆಸಿಕೊಂಡು ಸಾಕಾಗಿದೆ. ಮೊದಲನೆಯವಳಾಗಿ ಗೆರೆ ದಾಟುವುದು ಹೇಗಿರುತ್ತದೆ ಎಂದು ಒಂದೇ ಒಂದು ಸಲ ನೋಡಬೇಕು. ಗೆಲ್ಲುತ್ತೇನೋ ಇಲ್ಲವೋ ಗೊತ್ತಿಲ್ಲ, ಮೂವತ್ತೆಂಟರ ಕಾಲು ಇವು. ಆದರೆ ಗೆಲ್ಲುವುದಕ್ಕೆಂದೇ ಹೊರಡುವ ಒಂದು ಬೆಳಗ್ಗೆ ನನಗೂ ಬೇಕು. ಅದನ್ನು ತಮ್ಮ ಮೇಜಿನ ಖಾನೆಯೊಳಗೆ ಇಟ್ಟುಕೊಳ್ಳುವ ಅಧಿಕಾರವನ್ನು ತಮಗೆ ಯಾರು ಕೊಟ್ಟರು?

ನಿಯಮಾವಳಿಯನ್ನು ನಾನೂ ಓದಿದ್ದೇನೆ. ನೌಕರಿಯಲ್ಲಿರುವ ಸವಾರರು ಬೇರೆ ತಂಡದಲ್ಲಿ ಸ್ಪರ್ಧಿಸಲು ಕಚೇರಿಯ ಎನ್‌ಒಸಿ ಬೇಕು, ನೌಕರಿಯಲ್ಲಿಲ್ಲದವರಿಗೆ ಬೇಡ. ರಾಜೀನಾಮೆ ಅಂಗೀಕಾರವಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ ಎನ್ನುವಿರೇನೋ. ಸ್ಪರ್ಧೆಯ ಸಂಘಟಕರನ್ನು ಕೇಳಿಯಾಗಿದೆ, ರಾಜೀನಾಮೆ ತಲುಪಿದೆ ಎಂಬ ಮೊಹರು ಬಿದ್ದ ಪ್ರತಿ ತೋರಿಸಿದರೆ ಸಾಕು ಎಂದಿದ್ದಾರೆ. ನಮ್ಮ ಮನೆ ನಡೆಯುತ್ತಿರುವುದು ಈ ನೌಕರಿಯಿಂದಲೇ. ಅಪ್ಪ ತೀರಿಕೊಂಡು ಆರು ವರ್ಷವಾಯಿತು, ಅಮ್ಮನಿಗೆ ನನ್ನನ್ನು ಬಿಟ್ಟರೆ ಬೇರೆ ದಿಕ್ಕಿಲ್ಲ. ಭಯವಾಗುತ್ತದೆ, ಸುಳ್ಳು ಹೇಳುವುದಿಲ್ಲ. ನಿನ್ನೆ ಅಮ್ಮನಿಗೆ ವಿಷಯ ತಿಳಿಸಿದೆ. ಬಿಡಿಸುತ್ತಿದ್ದ ಅವರೆಕಾಯಿ ಕೆಳಗಿಟ್ಟಳು. ಆಮೇಲೆ, “ಭಾನ್ವಾರ ನನ್ನೂ ಕರ್ಕೊಂಡೋಗು. ನೀನು ಮುಂದೆ ಬರೋದನ್ನ ನಾನು ನೋಡೇ ಇಲ್ಲ” ಅಂದಳು.

ಆದ್ದರಿಂದ ನನ್ನ ಬೇಡಿಕೆ ಒಂದೇ: ಹದಿನಾಲ್ಕನೇ ತಾರೀಖಿನ ಪತ್ರವನ್ನು ಹಿಂದಕ್ಕೆ ಪಡೆದು ಎನ್‌ಒಸಿಗೆ ಸಹಿ ಹಾಕಿ. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ತಮ್ಮ ಕಚೇರಿಯ ಟಪಾಲು ವಿಭಾಗದ ಮುಂದೆ ನಿಂತಿರುತ್ತೇನೆ. ಸಹಿ ಹಾಕಿದ ಕಾಗದ ಕೊಟ್ಟರೆ ತೆಗೆದುಕೊಂಡು ಹೋಗುತ್ತೇನೆ, ಸೋಮವಾರ ಎಂದಿನಂತೆ ಕೆಲಸಕ್ಕೆ ಬರುತ್ತೇನೆ. ನಾಲ್ಕು ಗಂಟೆಯವರೆಗೂ ಕೊಡದಿದ್ದರೆ ನನ್ನ ಕಾಗದವನ್ನು ಅಲ್ಲಿ ಕೊಟ್ಟು, ಮೊಹರು ಹಾಕಿಸಿಕೊಂಡು ಹೋಗುತ್ತೇನೆ. ಯಾವುದೇ ಆದರೂ ಭಾನುವಾರ ಬೆಳಿಗ್ಗೆ ಆರೂವರೆಗೆ ನಾವು ನಾಲ್ವರೂ ಗೆರೆಯ ಮೇಲಿರುತ್ತೇವೆ. ರಾಜೀನಾಮೆ ಬರೆದು ಸಹಿ ಹಾಕಿ ಚೀಲದಲ್ಲಿಟ್ಟುಕೊಂಡಿದ್ದೇನೆ. ತಾರೀಖು ಮಾತ್ರ ಹಾಕಿಲ್ಲ.

ಇಂತಿ,
ಹದಿನೇಳು ವರ್ಷ ಮೀರದ ತಮ್ಮ ಮಾತನ್ನು ಈಗ ಮೀರುತ್ತಿರುವುದಕ್ಕೆ ಕ್ಷಮೆ ಕೇಳದ,
ಸರ್ವಮಂಗಳಾ ಸಿದ್ದಮಲ್ಲಪ್ಪ
ಚಾಮರಾಜಪುರಂ, ಮೈಸೂರು