ಬಲಬದಿಯ ಸ್ಪೀಕರ್

ಗುರುವಾರ, ಹದಿನಾಲ್ಕನೆಯ ತಾರೀಕು, ರಾತ್ರಿ.

ಬೆಳಿಗ್ಗೆ ಭಗವಂತನ ಮುಂದೆ ಕುಳಿತೇ ಒಂದು ಸುಳ್ಳನ್ನು ಸಿದ್ಧಪಡಿಸಿಕೊಂಡೆ. ದಿನವಿಡೀ ಅದು ಮನಸ್ಸನ್ನು ಕೊರೆಯಿತು. ಮೊಮ್ಮಗಳು ತನ್ನ ಹಳೆಯ ಕಾರಿಗೆ ಹಾಡು ಕೇಳುವ ಏರ್ಪಾಟನ್ನು ತಾನೇ ಜೋಡಿಸುತ್ತಿದ್ದಾಳೆ. ಅವಳ ಉಳಿತಾಯಕ್ಕೆ ಒಳ್ಳೆಯ ಸ್ಪೀಕರ್ ಒಂದೇ ದಕ್ಕಿತು, ಉಳಿದವು ಗುಜರಿಯವು. ನನ್ನ ಎಡಗಿವಿ ಮಂದವಾದದ್ದನ್ನು ಮನೆಯಲ್ಲಿ ಯಾರಿಗೂ ತಿಳಿಸಿಲ್ಲ. ಆದ್ದರಿಂದ ಇಂದು ಅವಳು ಹಾಡು ಹಾಕಿ ತೋರಿಸಿದಾಗ ಕೇಳಿಸಲಿ, ಬಿಡಲಿ, "ಅಮೋಘವಾಗಿದೆ" ಎಂದುಬಿಡುವ ಸಂಕಲ್ಪ ಮಾಡಿದ್ದೆ.

ಗ್ಯಾರೇಜಿಗೆ ಹೋದಾಗ ಮೆಕ್ಯಾನಿಕ್ ಅವಳೊಡನೆ ವಾದಕ್ಕೆ ನಿಂತಿದ್ದ. "ಒಳ್ಳೇದನ್ನ ಮುಂದೆ ಹಾಕ್ಬೇಕು ಕಣಮ್ಮ. ಹಿಂದೆ ಹಾಕಿದ್ರೆ ಯಾರು ಕೇಳ್ತಾರೆ, ಡಿಕ್ಕೀಲಿರೋ ಸ್ಟೆಪ್ನಿನಾ?"

"ಕೇಳೋರು ಹಿಂದೇನೇ ಕೂರ್ತಾರಣ್ಣ. ನೀವು ಸ್ಕ್ರೂ ಬಿಗಿ ಮಾಡಿ."

ನಾನು ಸದಾ ಕೂರುವ ಹಿಂದಿನ ಸೀಟಿನಲ್ಲಿ ಕುಳಿತೆ. ನಾನು ನಿತ್ಯ ಪಠಿಸುವ ಸ್ತೋತ್ರವನ್ನೇ ಅವಳು ಹಾಕಿದಳು. ಯಾರೋ ಪಕ್ಕದಲ್ಲೇ ಕುಳಿತು ನನಗಾಗಿ ಪಠಿಸುತ್ತಿರುವಂತೆ ಅಕ್ಷರ ಅಕ್ಷರವೂ ಸ್ಫುಟವಾಗಿ ಕೇಳಿಸಿತು. ಬೆಳಿಗ್ಗೆಯಿಂದ ಬಾಯಲ್ಲಿಟ್ಟುಕೊಂಡಿದ್ದ ಹೊಗಳಿಕೆಯನ್ನು ಮರೆತು ತಿರುಗಿ ನೋಡಿದೆ; ಆ ಒಳ್ಳೆಯ ಸ್ಪೀಕರ್ ನನ್ನ ಬಲಗಿವಿಯ ಹಿಂದೆಯೇ ಇತ್ತು.

"ಅದನ್ನ ಬಲಗಡೆಗೇ ಯಾಕಮ್ಮ ಕೂರಿಸಿದೆ?" ಎಂದೆ.

"ನೀವು ಫೋನ್ ಯಾವ ಕಿವಿಗೆ ಹಿಡೀತೀರ ಅಜ್ಜ?" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ಅಪ್ಪಂಗೆ ಹೇಳಲ್ಲ, ಬಿಡಿ" ಎಂದಳು.

ಮನೆಗೆ ಬಂದು ಇಳಿದ ಮೇಲೆ ಬಾಗಿಲಿನವರೆಗೂ ನನ್ನ ಬಲಕ್ಕೇ ನಡೆಯುತ್ತ ಹರಟಿದಳು. ಬಹುದಿನಗಳಿಂದ ಆ ಬದಿಯನ್ನೇ ಹಿಡಿಯುತ್ತಾಳೆ. ಅದು ಅವಳ ರೂಢಿಯೆಂದೇ ಭಾವಿಸಿದ್ದೆ. ನಿದ್ದೆಗೆ ಕಣ್ಣು ಎಳೆಯುತ್ತಿದೆ. ಈ ಮಗು ಎಂದಿನಿಂದ ನನ್ನ ಬಲಕ್ಕೆ ಬಂದು ನಿಂತಿತೋ, ಎಷ್ಟು ನೆನೆದರೂ...