ಮೂವತ್ತು ವಿಮಾನಗಳೂ ಒಂದು ಸೈಕಲ್ಲೂ

ಪ್ರಯೋಗಾಲಯ, ಎರಡನೆಯ ಮಹಡಿ
ಮಾರ್ಚ್ ೧೨, ಬುಧವಾರ

ಪ್ರೀತಿಯ ಅಕ್ಕಾ,

ಕುತ್ತಿಗೆ ನೋವು ಹೇಗಿದೆ? ಪೈಲಟ್ಟಿನ ಹೆಲ್ಮೆಟ್ ಹೊತ್ತು ಬಂದ ನೋವನ್ನು ಅಮ್ಮನ ಬಳಿ ದಿಂಬಿನ ತಲೆಗೆ ಕಟ್ಟಿದ್ದೀಯಂತೆ. ಅವಳು ನಿನಗಾಗಿ ಹೊಸ ದಿಂಬು ಹೊಲಿಯುತ್ತಿದ್ದಾಳೆ, ಈಗ ಅನುಭವಿಸು.

ಇನ್ನು ನನ್ನ ಸುದ್ದಿ. ಹೆಮ್ಮೆಯದು, ಕುಳಿತು ಓದು. ವಾಯುಸಮರದ ಅಣಕು ಕಾಳಗವನ್ನು ಬ್ರೌಸರಿನಲ್ಲಿಯೇ ನಡೆಸಬಹುದಾದ ಪರದೆಯನ್ನು ರೂಪಿಸುವ ಹೊಣೆ ನನ್ನದೆಂದು ತಿಳಿಸಿದ್ದೆನಲ್ಲ? ತರಗತಿಗೇ ಮೊದಲಿಗಳಾದ ನನಗೆ ಉತ್ತರಪತ್ರಿಕೆಯಲ್ಲಿ ಜಾಗ ಬಿಟ್ಟು ಅಭ್ಯಾಸವಿಲ್ಲ. ಮೂವತ್ತು ವಿಮಾನಗಳ ಎತ್ತರ, ವೇಗ, ಇಂಧನ, ಕ್ಷಿಪಣಿ ಎಲ್ಲವನ್ನೂ ಒಟ್ಟಿಗೇ ತೋರಿಸಿದೆ. ಅದನ್ನು ಪರೀಕ್ಷಿಸಲು ಕುಳಿತವರು ನಿವೃತ್ತ ಪೈಲಟ್ ಒಬ್ಬರು. ರೆಪ್ಪೆ ಬಡಿಯದೆ ನೋಡುವುದರಿಂದ ನಾವೆಲ್ಲ ಅವರ ಬೆನ್ನ ಹಿಂದೆ ಕರೆಯುವುದು ಗೂಬೆ ಮೇಷ್ಟ್ರು ಎಂದು. ಶತ್ರುಗಳನ್ನೆಲ್ಲ ಉರುಳಿಸಿದರು. ಆದರೆ ಗೆದ್ದ ಅವರ ವಿಮಾನವೇ ಇಂಧನ ಮುಗಿದು ಬಿತ್ತು. ಆ ಅಂಕಿ ಪರದೆಯ ಮೇಲೆಯೇ ಇತ್ತು, ಅಂಕಿಗಳ ಸಂತೆಯಲ್ಲಿ ಕಾಣಲಿಲ್ಲ. "ಎಲ್ಲಾ ತೋರಿಸಿದೀಯಮ್ಮ, ನಾನು ಸಾಯೋದೊಂದು ಬಿಟ್ಟು. ಇನ್ನೊಂದ್ಸಲ ಹೀಗಾದ್ರೆ ನಮಗೆ ಹಳೇ ಪರದೆನೇ ಸಾಕು," ಎಂದು ಎದ್ದು ಹೋದರು.

ಆಗ ನೆನಪಾದದ್ದು ನಿನ್ನ ಸೈಕಲ್. ಹಿಂದಿನ ಕ್ಯಾರಿಯರಿನಲ್ಲಿ ಕುಳಿತು ಲಾರಿ, ನಾಯಿ, ಬಲೂನು, ಮೋಡ ಎಂದು ನಾನು ಕಂಡದ್ದನ್ನೆಲ್ಲ ವರದಿ ಮಾಡುತ್ತಿದ್ದರೆ ನೀನು ಗದರುತ್ತಿದ್ದೆ: "ಏಯ್ ವಾಚಾಳಿ, ಗುದ್ದೋದೇನಾದ್ರೂ ಇದ್ರೆ ಮಾತ್ರ ಹೇಳೇ!" ಆ ಗದರಿಕೆಯೇ ನನ್ನ ಹೊಸ ವಿನ್ಯಾಸ. ದೂರದ ವಿಮಾನಗಳೀಗ ಬರಿಯ ಮಸುಕು ಚುಕ್ಕೆಗಳು. ಅಪಾಯ ಹತ್ತಿರವಾದಾಗಷ್ಟೇ ಬಾಯಿ ಬಿಡುತ್ತವೆ. ಇಂಧನವೂ ಹಾಗೆಯೇ, ಮರಳುವುದಕ್ಕಷ್ಟೇ ಉಳಿದಾಗ ಪರದೆಯ ನಟ್ಟನಡುವೆ ಬಂದು ನಿಲ್ಲುತ್ತದೆ. ನಿನ್ನೆ ಮೇಷ್ಟ್ರು ಮತ್ತೆ ಕುಳಿತರು, ಕಾದಿದರು, ಕ್ಷೇಮವಾಗಿ ಇಳಿದರು. ಆಮೇಲೆ ರೆಪ್ಪೆ ಬಡಿದರು, ಸತ್ಯವಾಗಿ! "ಪಾಸಮ್ಮ," ಎಂದರು. ಚಿನ್ನದ ಪದಕ ಕೊರಳಿಗೆ ಬಿದ್ದ ದಿನವೂ ನಾನು ಇಷ್ಟು ಬೀಗಿರಲಿಲ್ಲ.

ಮುಂದಿನ ತಿಂಗಳು ನನ್ನ ಪರದೆ ನಿನ್ನ ತುಕಡಿಯ ತರಬೇತಿಗೇ ಬರುತ್ತದೆ. ಅಮ್ಮನ ಆಶೀರ್ವಾದ ಈ ಪತ್ರದೊಂದಿಗೆ, ದಿಂಬು ಬೇರೆ ಪಾರ್ಸೆಲ್ಲಿನಲ್ಲಿ.

ನಿನ್ನ ಕ್ಯಾರಿಯರಿನ ವರದಿಗಾರ್ತಿ,
ತಂಗಿ

ಮರೆತೇಬಿಟ್ಟಿದ್ದೆ: ಇಂಧನದ ಎಚ್ಚರಿಕೆಗೆ ಯಾವ ಮಾತು ಎಂಬುದನ್ನು ನನಗೇ ಬಿಟ್ಟಿದ್ದರು. ಸಂಜೆ ಬಾಗಿಲಲ್ಲಿ ನಿಂತು ಅಮ್ಮ ಕೂಗುತ್ತಿದ್ದುದನ್ನೇ ಬರೆದಿದ್ದೇನೆ: "ಆಡಿದ್ದು ಸಾಕು, ಮನೆಗೆ ಬನ್ರೇ." ಮೇಷ್ಟ್ರು ನಕ್ಕು, ಇರಲಿ ಎಂದರು. ನಿನ್ನ ನಿಜವಾದ ವಿಮಾನದಲ್ಲಿ ಈ ಸಾಲು ಮೂಡುವುದಿಲ್ಲ ಅಕ್ಕಾ. ಅಲ್ಲಿ ನೀನೇ ಕೇಳಿಸಿಕೊಳ್ಳಬೇಕು.