ಲಾಡು ಹಂಚುವವರ ಮನೆ

ಅಪ್ಪಾ,

ನೀನು ಹೋಗಿ ಎರಡು ವರ್ಷವಾಯಿತು. ಇದ್ದಿದ್ದರೆ ಇದನ್ನು ಬರೆಯುವ ಧೈರ್ಯ ನನಗಿರುತ್ತಿತ್ತೋ ಇಲ್ಲವೋ.

ಇವತ್ತು ಚಾರ್ವಿಯನ್ನು ಒಂದನೇ ತರಗತಿಗೆ ಸೇರಿಸಿ ಬಂದೆ. ನೀನು ಕಾರ್ಪೊರೇಟರ್ ಆಗಿದ್ದಾಗ ಕಟ್ಟಿಸಿದ ಸರ್ಕಾರಿ ಶಾಲೆಗೇ. ಬಾಗಿಲ ಪಕ್ಕದ ಕಲ್ಲಿನಲ್ಲಿ ನಿನ್ನ ಹೆಸರು ಇನ್ನೂ ಇದೆ.

ಮುಖ್ಯೋಪಾಧ್ಯಾಯಿನಿ ನನ್ನನ್ನು ಕಂಡಿದ್ದೇ ಎದ್ದು, ಅತಿಥಿಗಳ ಕುರ್ಚಿ ಒರೆಸಿದರು.

"ತಿಮ್ಮರಾಯಪ್ಪನವ್ರ ಮಗಳಲ್ವಾ? ನೋಟ್‌ಬುಕ್ ಹಂಚಕ್ಕೆ ಬಂದ್ರಾ ಮೇಡಂ?"

"ಅಲ್ಲ ಮಿಸ್, ಅಡ್ಮಿಷನ್‌ಗೆ."

"ನಿಮ್ಮನೆ ಕೆಲಸದವ್ರ ಮಗೂಗಾ?"

"ನನ್ನ ಮಗಳಿಗೆ."

ಫಾರಂ ತುಂಬಲು ಎತ್ತಿಕೊಂಡಿದ್ದ ಅವರ ಪೆನ್ನು ನಿಂತುಬಿಟ್ಟಿತು. ಅವರದೇನೂ ತಪ್ಪಿಲ್ಲ. ನಮ್ಮ ಮನೆಯವರು ಆ ಶಾಲೆಗೆ ಹೋಗಿದ್ದೆಲ್ಲ ಹಂಚುವುದಕ್ಕೇ.

ಪ್ರತಿ ಆಗಸ್ಟ್ ಹದಿನೈದಕ್ಕೆ ನೀನು ಮೈಕ್ ಹಿಡಿದು "ನಿಮ್ಮ ಮಕ್ಕಳನ್ನ ಸರ್ಕಾರಿ ಶಾಲೆಗೇ ಕಳ್ಸಿ" ಅನ್ನುತ್ತಿದ್ದೆ. ಪಕ್ಕದಲ್ಲೇ ನಾನು, ಜಯನಗರದ ಕಾನ್ವೆಂಟಿನ ಟೈ ಕಟ್ಟಿಕೊಂಡು, ಲಾಡು ಕೊಡುತ್ತಿದ್ದೆ. ನನ್ನ ವಯಸ್ಸಿನವರೇ ಸಾಲಾಗಿ ಬಂದು ಕೈಯೊಡ್ಡುತ್ತಿದ್ದರು. ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ನನ್ನನ್ಯಾಕೆ ಇಲ್ಲಿಗೆ ಸೇರಿಸ್ಲಿಲ್ಲಪ್ಪಾ ಅಂತ ನಾನೂ ಒಂದು ಸಲವೂ ಕೇಳಲಿಲ್ಲ. ಲಾಡು ಮುಗಿದರೆ ಕಾರು ಹತ್ತುತ್ತಿದ್ದೆ.

ಸಂಜೆ ನಿನ್ನ ಪಕ್ಷದವರು ಫೋನ್ ಮಾಡಿದರು. "ಈ ಸಲಾನೂ ಅಣ್ಣನ ಹೆಸ್ರಲ್ಲಿ ಲಾಡು ನೀವೇ ಹಂಚ್ಬೇಕು ಅಕ್ಕ."

ಆಗಲ್ಲ ಅಂದೆ. ಈ ಸಲ ನನ್ನ ಮಗಳು ಕೈಯೊಡ್ಡುವ ಸಾಲಿನಲ್ಲಿ ನಿಲ್ಲುತ್ತಾಳೆ, ಹಿಂದೆಮುಂದೆ ನಿಂತವರ ಹೆಸರು ಹಿಡಿದು ಕರೆಯುತ್ತಾಳೆ. ಹಂಚುವುದಕ್ಕೆ ಪಕ್ಷದವರು ಅವರವರ ಮಕ್ಕಳನ್ನೇ ಕಳಿಸಲಿ. ಟೈ ಕಟ್ಟಿಯೇ ಕಳಿಸಲಿ.